ಪರದೆಗೆ ಬೀಳುವ ಮುನ್ನ

(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ವಿದ್ಯಾರ್ಥಿಗಳಿಗೂ ಗ್ರಾಮಸ್ಥರಿಗೂ ನಮ್ಮ ಒಕ್ಕೂಟವು ಏರ್ಪಡಿಸಿದ್ದ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಪರಿಸರ ಶಿಬಿರವೆಂದ ಮೇಲೆ ಕಾಡು, ನೀರು, ಕಲ್ಲುಗಣಿ, ಕಾಡುಪ್ರಾಣಿಗಳ ಮಾತು ಬರಬೇಕೆಂದು ನೀವು ನಿರೀಕ್ಷಿಸಿದ್ದರೆ ಅದು ಸಹಜ. ಸಂಘಟಕರು ನನಗೆ ಒಪ್ಪಿಸಿರುವ ವಿಷಯ ತುಸು ಬೇರೆಯದು. ನಾವು ಸಿದ್ಧಪಡಿಸುವ ಸ್ಲೈಡು ಪ್ರದರ್ಶನಗಳನ್ನು ಊರಿನ ಮುಂದಿಡುವ ಮೊದಲು ಸಂಗಾತಿಗಳೊಡನೆ ಕುಳಿತು ಪರಿಶೀಲಿಸುವುದು ಹೇಗೆ, ಮತ್ತೊಬ್ಬರ ಸ್ಲೈಡುಗಳ ಬಗ್ಗೆ ಪ್ರಯೋಜನಕಾರಿಯಾಗಿ ಅಭಿಪ್ರಾಯ ಹೇಳುವುದು ಹೇಗೆ ಎಂಬುದೇ ಆ ವಿಷಯ.

ಇದು ಕಚೇರಿಯ ಕೆಲಸಕ್ಕೆ ಸೇರಿದ ಮಾತಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇಂದು ನಮ್ಮ ಬೆಟ್ಟಗಳ ಬಗೆಗಿನ ಎಷ್ಟೋ ತೀರ್ಮಾನಗಳು ಯಾವುದೋ ಕೋಣೆಯ ಬಿಳಿಯ ಪರದೆಯ ಮುಂದೆ ರೂಪುಗೊಳ್ಳುತ್ತವೆ. ಕಾಡಿನ ಗಡಿ ಎಲ್ಲಿ, ಹುಲಿಗಳು ಎಷ್ಟು, ಮುಳುಗುವ ನೆಲ ಎಷ್ಟು, ಅಲ್ಲಿ ಬದುಕುವವರು ಯಾರು ಎಂಬುದೆಲ್ಲ ಮೊದಲು ಸ್ಲೈಡಾಗಿ ಮೂಡುತ್ತದೆ, ಅನಂತರ ಆದೇಶವಾಗಿ ನಮ್ಮ ಊರಿಗೆ ಇಳಿಯುತ್ತದೆ. ಆದ್ದರಿಂದ ಸ್ಲೈಡನ್ನು ಮಾಡಲು ಕಲಿಯುವಷ್ಟೇ ಅದನ್ನು ಒರೆಗೆ ಹಚ್ಚಲು ಕಲಿಯುವುದೂ ನಮಗೆ ಅಗತ್ಯವಾಗಿದೆ.

ಹಳೆಯ ಪೆಟ್ಟಿಗೆ, ಹೊಸ ಪೆಟ್ಟಿಗೆ

ಕನ್ನಡ ನಾಡಿನ ಪರಿಸರ ಚಳವಳಿಗೆ ಸ್ಲೈಡು ಹೊಸದಲ್ಲ. 1983ರ ಸೆಪ್ಟೆಂಬರ್ ತಿಂಗಳಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಾಡಿನಲ್ಲಿ ಆರಂಭವಾದ ಅಪ್ಪಿಕೋ ಚಳವಳಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿದ ಬಗೆಯನ್ನು ನೋಡಿದರೆ, ಪಾದಯಾತ್ರೆ, ಬೀದಿನಾಟಕ, ಜಾನಪದ ಕುಣಿತಗಳ ಜೊತೆಗೆ ಸ್ಲೈಡು ಪ್ರದರ್ಶನವೂ ಅದರ ಸಾಧನವಾಗಿತ್ತು. ಅಂದಿನ ಸ್ಲೈಡು ಎಂದರೆ ಚೌಕಟ್ಟಿನೊಳಗೆ ಕೂರಿಸಿದ ಫಿಲ್ಮಿನ ತುಣುಕು. ಫಿಲ್ಮು ದುಬಾರಿ, ತೊಳೆಸುವುದು ದುಬಾರಿ, ಯಂತ್ರ ಹೊತ್ತು ಒಯ್ಯುವುದು ಕಷ್ಟ. ಆ ಬಡತನವೇ ಒಂದು ಶಿಸ್ತನ್ನು ಕಲಿಸುತ್ತಿತ್ತು. ಯಾವ ಚಿತ್ರ ಬೇಕು, ಯಾವುದು ಬೇಡ, ಯಾವುದರ ನಂತರ ಯಾವುದು ಎಂದು ಮೊದಲೇ ಕುಳಿತು ಆರಿಸಲೇಬೇಕಾಗಿತ್ತು.

ಈಗ ಮೊಬೈಲಿನಲ್ಲಿ ತೆಗೆದ ಐವತ್ತು ಚಿತ್ರಗಳನ್ನು ಅರ್ಧ ಗಂಟೆಯೊಳಗೆ ಜೋಡಿಸಬಹುದು. ಖರ್ಚಿಲ್ಲ, ತಡೆಯಿಲ್ಲ. ಹಾಗೆಂದೇ ಆರಿಸುವ, ಪ್ರಶ್ನಿಸುವ ಆ ನಡುವಣ ಹೆಜ್ಜೆ ಕಳಚಿಹೋಗಿದೆ. ರಾತ್ರಿ ಮಾಡಿದ್ದನ್ನು ಬೆಳಿಗ್ಗೆ ತೋರಿಸುತ್ತೇವೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಸ್ಲೈಡಿಗೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪಲಾರದು. ತಾನು ಮಾಡಿದ್ದರ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಇನ್ನೊಂದು ಜೊತೆ ಕಣ್ಣು ಬೇಕು.

ಮಲೆ ಮಹದೇಶ್ವರನ ಕಥೆಯನ್ನು ಹಾಡುವ ದೇವರಗುಡ್ಡರು ಒಬ್ಬೊಬ್ಬರೇ ಕುಳಿತು ಹಾಡುವುದು ಅಪರೂಪ. ಮುಂದೆ ನಿಂತವನು ಕಥೆ ನಡೆಸಿದರೆ ಹಿಮ್ಮೇಳದವರು ದನಿಗೂಡಿಸುತ್ತಾರೆ, ಕಂಸಾಳೆಯ ಲಯದಲ್ಲಿ ಅವನನ್ನು ಹಿಡಿದಿಡುತ್ತಾರೆ. ಹಿಮ್ಮೇಳವಿಲ್ಲದೆ ಕಥೆ ದಾರಿ ತಪ್ಪುತ್ತದೆ ಎಂಬುದು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಸ್ಲೈಡು ಪರಿಶೀಲನೆ ಎಂದರೆ ಅದೇ ಹಿಮ್ಮೇಳದ ಕೆಲಸ.

ಒಂದು ಸ್ಲೈಡಿನ ಕಥೆ

ಪರಿಶೀಲನೆ ಸರಿಯಾಗಿ ನಡೆಯದಿದ್ದರೆ ಏನಾಗಬಹುದು ಎಂಬುದಕ್ಕೆ ಜಗತ್ತು ಕಂಡ ಒಂದು ದುರಂತದ ಉದಾಹರಣೆ ಇದೆ. 2003ರ ಫೆಬ್ರುವರಿ 1ರಂದು ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಆಕಾಶದಲ್ಲೇ ಒಡೆದುಹೋಯಿತು. ಹರಿಯಾಣದ ಕರ್ನಾಲದಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಗಗನಯಾತ್ರಿಗಳು ಮಡಿದರು. ಜನವರಿ 16ರಂದು ನೌಕೆ ಮೇಲೇರಿದ ಸುಮಾರು 82 ಸೆಕೆಂಡುಗಳಲ್ಲಿ ಹೊರತೊಟ್ಟಿಯ ಹೊದಿಕೆಯ ನೊರೆತುಂಡೊಂದು ಕಳಚಿ ಎಡರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಮೇಲಿದ್ದಾಗಲೇ ಎಂಜಿನಿಯರುಗಳು ಆ ಪೆಟ್ಟಿನಿಂದ ಅಪಾಯವಿದೆಯೇ ಎಂದು ಲೆಕ್ಕಹಾಕಿ, ಅದನ್ನು ಸ್ಲೈಡುಗಳಲ್ಲಿ ಮೇಲಧಿಕಾರಿಗಳ ಮುಂದಿಟ್ಟಿದ್ದರು.

ಆ ಸ್ಲೈಡುಗಳಲ್ಲೊಂದು ಬಳಿಕ ಜಗತ್ತಿನಾದ್ಯಂತ ಚರ್ಚೆಗೆ ಒಳಗಾಯಿತು. ಅದರ ತಲೆಬರಹ ಓದಿದವರಿಗೆ ಚಿಂತೆಯಿಲ್ಲ ಎಂಬ ಭಾವನೆ ಬರುತ್ತಿತ್ತು. ಕೆಳತುದಿಯಲ್ಲಿ, ಸಣ್ಣ ಅಕ್ಷರಗಳಲ್ಲಿ, ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಅಡಗಿತ್ತು. ಹಿಂದೆ ಪರೀಕ್ಷೆಗೆ ಒಳಪಡಿಸಿದ್ದ ತುಂಡಿನ ಗಾತ್ರ 3 ಘನ ಅಂಗುಲ, ನಿಜವಾಗಿ ಬಡಿದ ತುಂಡಿನ ಅಂದಾಜು ಗಾತ್ರ 1920 ಘನ ಅಂಗುಲ. ಎಂದರೆ 640 ಪಟ್ಟು ದೊಡ್ಡದು. ಹಳೆಯ ಪರೀಕ್ಷೆಯ ಆಧಾರದ ಮೇಲೆ ಧೈರ್ಯ ಹೇಳಲು ಬರುವುದಿಲ್ಲ ಎಂಬುದೇ ಆ ಅಂಕಿಯ ಅರ್ಥ. ಆದರೆ ಅದನ್ನು ತಲೆಬರಹಕ್ಕೆ ತನ್ನಿ ಎಂದು ಹೇಳುವವರು ಯಾರೂ ಇರಲಿಲ್ಲವೋ, ಇದ್ದರೂ ಹೇಳಲಿಲ್ಲವೋ, ಅದು ಕೆಳಗೇ ಉಳಿಯಿತು. ಅಪಘಾತದ ತನಿಖಾ ಮಂಡಳಿ ಅದೇ ವರ್ಷದ ಆಗಸ್ಟಿನಲ್ಲಿ ಕೊಟ್ಟ ವರದಿಯಲ್ಲಿ, ತಾಂತ್ರಿಕ ಬರಹಗಳ ಜಾಗದಲ್ಲಿ ಸ್ಲೈಡುಗಳನ್ನೇ ನೆಚ್ಚಿಕೊಳ್ಳುವ ಅಭ್ಯಾಸವನ್ನು ನೇರವಾಗಿ ಟೀಕಿಸಿತು. ಅದೊಂದೇ ದುರಂತಕ್ಕೆ ಕಾರಣವೆಂದು ಯಾರೂ ಹೇಳುವುದಿಲ್ಲ. ಆದರೆ ಪರದೆಯ ಮೇಲಿನ ಅಕ್ಷರದ ಗಾತ್ರ, ತಲೆಬರಹದ ಒಂದು ಮಾತು, ಕೆಳಸಾಲಿನಲ್ಲಿ ಮುಚ್ಚಿಹೋದ ಒಂದು ಅಂಕಿ ಇವೆಲ್ಲ ಕೇವಲ ಅಲಂಕಾರದ ವಿಷಯಗಳಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಏನನ್ನು ನೋಡಬೇಕು?

ಕೊಳ್ಳೇಗಾಲದ ನೇಕಾರರು ಮಗ್ಗದಿಂದ ಇಳಿದ ರೇಷ್ಮೆಯನ್ನು ಬೆಳಕಿಗೆ ಹಿಡಿದು ಎಳೆ ತಪ್ಪಿದೆಯೇ ಎಂದು ನೋಡುವಂತೆ, ಪ್ರತಿಯೊಂದು ಸ್ಲೈಡನ್ನೂ ನಾಲ್ಕು ಬೆಳಕಿಗೆ ಹಿಡಿದು ನೋಡಬೇಕೆಂದು ನನ್ನ ಸೂಚನೆ. ಚಿತ್ರ, ಅಂಕಿ, ನಕ್ಷೆ, ಮಾತು ಇವೇ ಆ ನಾಲ್ಕು.

ಮೊದಲನೆಯದು ಚಿತ್ರ. ಬಿಳಿಗಿರಿರಂಗನ ಬೆಟ್ಟದ ಇಳಿಜಾರಿನ ಒಂದು ಫೋಟೊವನ್ನು ಊಹಿಸಿಕೊಳ್ಳಿ. ಎಲ್ಲೆಲ್ಲೂ ದಟ್ಟ ಹಸಿರು, ನಡುವೆ ಕಿತ್ತಳೆ ಬಣ್ಣದ ಹೂಗಳು. ಕೆಳಗೆ ‘ಸಮೃದ್ಧ ಕಾಡು’ ಎಂದು ಬರೆದಿದೆ. ಪಟ್ಟಣದ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಪೋಡಿನ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಚಿತ್ರವನ್ನು ತೋರಿಸಿದರೆ, ‘ಇದೆಲ್ಲ ಲಂಟಾನ, ಇದರಡಿ ಹುಲ್ಲೂ ಹುಟ್ಟುವುದಿಲ್ಲ’ ಎಂದು ಒಂದೇ ಮಾತಿನಲ್ಲಿ ಆ ಸಮೃದ್ಧಿಯನ್ನು ಇಳಿಸಿಬಿಡುತ್ತಾರೆ. ಹಸಿರೆಲ್ಲ ಕಾಡಲ್ಲ. ಬಿಳಿಗಿರಿಯ ಕಾಡಿನಲ್ಲಿ ಗುರುತುಮಾಡಿದ 134 ತಾಕುಗಳಲ್ಲಿ ಸಂಶೋಧಕರು ನಡೆಸಿದ ಅಧ್ಯಯನದಂತೆ, 1997ರಲ್ಲಿ ನೂರಕ್ಕೆ 41 ತಾಕುಗಳಲ್ಲಿ ಲಂಟಾನವಿದ್ದರೆ 2008ರ ವೇಳೆಗೆ ಅದು ನೂರಕ್ಕೆ 81ಕ್ಕೆ ಏರಿತ್ತು. ಈ ಅಂಕಿಯನ್ನು ಸ್ಲೈಡಿಗೆ ಹಾಕುವುದು ಸುಲಭ. ಆದರೆ ಏಕೆ ಏರಿತು ಎಂಬ ಪ್ರಶ್ನೆಗೆ ಸೋಲಿಗರ ಹಿರಿಯರು ಕೊಡುವ ಉತ್ತರವನ್ನೂ ಅದರ ಪಕ್ಕದಲ್ಲೇ ಬರೆಯಬೇಕು. ಬೇಸಿಗೆ ಬಲಿಯುವ ಮುನ್ನ ಒಣ ಎಲೆಗಳಿಗೆ ಇಡುತ್ತಿದ್ದ ತಣ್ಣನೆಯ ತರಗು ಬೆಂಕಿ ನಿಂತುಹೋದದ್ದರಿಂದ ಲಂಟಾನ ಹೆಚ್ಚಿತು ಎಂಬುದು ಅವರ ವಿವರಣೆ. ಈ ವಿವರಣೆಯನ್ನು ವಿಜ್ಞಾನಿಗಳೂ ಗಂಭೀರವಾಗಿ ಪರಿಗಣಿಸಿ ಅದರ ಬಗ್ಗೆ ಬರೆದಿದ್ದಾರೆ. ಹೀಗಿರುವಾಗ, ಉರಿಯುವ ಕಾಡಿನ ಒಂದು ಕೆಂಪು ಚಿತ್ರವನ್ನು ಹಾಕಿ ‘ಬೆಂಕಿ ಕಾಡಿನ ಶತ್ರು’ ಎಂದು ಬರೆದು ಮುಂದೆ ಸಾಗುವ ಸ್ಲೈಡು ಅರ್ಧಸತ್ಯವನ್ನು ಹೇಳುತ್ತದೆ. ಬೇಸಿಗೆಯ ನಡುವಿನ ಕಾಳ್ಗಿಚ್ಚು ಬೇರೆ, ತರಗು ಬೆಂಕಿ ಬೇರೆ. ಎರಡನ್ನೂ ಒಂದೇ ಚಿತ್ರದಲ್ಲಿ ಕಟ್ಟಿಹಾಕಿದರೆ ಒಂದು ಸಮುದಾಯದ ಅರಿವೇ ಅಪರಾಧವಾಗಿ ಕಾಣುತ್ತದೆ.

ನೆಲ್ಲಿಯ ವಿಷಯದಲ್ಲೂ ಇದೇ ಪಾಠವಿದೆ. ನೆಲ್ಲಿಮರಗಳು ಸೊರಗಿದರೆ ಕಾಯಿ ಕೀಳುವವರೇ ಕಾರಣವೆಂದು ಹೊರಗಿನವರಿಗೆ ಮೊದಲು ತೋಚುತ್ತದೆ. ಮರದ ಮೇಲೆ ಬೇರೂರಿ ಅದರ ಸಾರ ಹೀರುವ ಬದನಿಕೆಯತ್ತ, ಅಂದರೆ ಸೋಲಿಗರು ಉಪ್ಪಿಲು ಎಂದು ಕರೆಯುವ ಗಿಡದತ್ತ, ಬೊಟ್ಟುಮಾಡಿದವರು ಕಾಯಿ ಕೀಳುವವರೇ. ಅವರನ್ನು ಕೇಳದೆ ಮಾಡಿದ ಸ್ಲೈಡಿನಲ್ಲಿ ಉಪ್ಪಿಲಿಗೆ ಸ್ಥಾನವೇ ಇರುವುದಿಲ್ಲ.

ಚಿತ್ರದ ಬಗ್ಗೆ ಇನ್ನೆರಡು ಮಾತು. ಯಾರ ಮುಖ ಚಿತ್ರದಲ್ಲಿದೆಯೋ ಅವರ ಒಪ್ಪಿಗೆ ಕೇಳಿದ್ದೀರಾ ಎಂದು ಪರಿಶೀಲಿಸುವವರು ತಪ್ಪದೆ ವಿಚಾರಿಸಬೇಕು. ಹಾಗೆಯೇ ಜೇನುಬಂಡೆ, ಗಂಧದ ಮರ, ಅಪರೂಪದ ಗಿಡ, ದೇವರ ತಾಣ ಇವುಗಳ ನಿಖರ ಸ್ಥಳ ಪರದೆಯ ಮೇಲೆ ಬಯಲಾಗುತ್ತಿದೆಯೇ ನೋಡಬೇಕು. ಸಭೆಯಲ್ಲಿ ಕುಳಿತವರೆಲ್ಲರೂ ಕಾಡಿನ ಹಿತೈಷಿಗಳೇ ಆಗಿರುವುದಿಲ್ಲ.

ಎರಡನೆಯದು ಅಂಕಿ. ಕರ್ನಾಟಕದ ಹುಲಿ ಅಂದಾಜುಗಳನ್ನೇ ತೆಗೆದುಕೊಳ್ಳೋಣ. 2010ರಲ್ಲಿ 300, 2014ರಲ್ಲಿ 406, 2018ರಲ್ಲಿ 524, 2022ರಲ್ಲಿ 563. ಇದನ್ನು ಕಂಬಗಳ ನಕ್ಷೆಯಾಗಿ ಬರೆಯುವಾಗ ತಳದ ಗೆರೆಯನ್ನು ಸೊನ್ನೆಯಿಂದ ಆರಂಭಿಸದೆ 250ರಿಂದ ಆರಂಭಿಸಿದರೆ, 2010ರ ಕಂಬದ ಎತ್ತರ 50 ಅಳತೆ, 2022ರದು 313 ಅಳತೆ. ನೋಡುವವನ ಕಣ್ಣಿಗೆ ಹುಲಿಗಳು ಆರು ಪಟ್ಟಿಗೂ ಮಿಕ್ಕಿ ಹೆಚ್ಚಿದಂತೆ ಕಾಣುತ್ತದೆ. ನಿಜವಾದ ಹೆಚ್ಚಳ ಎರಡು ಪಟ್ಟಿಗಿಂತಲೂ ಕಡಿಮೆ. ಒಂದು ಅಂಕಿಯನ್ನೂ ಸುಳ್ಳಾಗಿ ಬರೆಯದೆ ಸುಳ್ಳು ಹೇಳುವ ವಿಧಾನ ಇದು. ಜೊತೆಗೆ ಇವು ತಲೆಯೆಣಿಕೆಯಲ್ಲ, ಅಂದಾಜುಗಳು. ‘ಅಂದಾಜು’ ಎಂಬ ಮಾತು ಸ್ಲೈಡಿನಿಂದ ಬಿದ್ದುಹೋಗಿದೆಯೇ ಎಂದು ನೋಡಬೇಕು.

ಸರಾಸರಿಯೂ ಹೀಗೆಯೇ ಮರುಳುಮಾಡುತ್ತದೆ. ಬಿಳಿಗಿರಿಯ ಬೆಟ್ಟಸಾಲು ಸುಮಾರು 600 ಮೀಟರಿನಿಂದ 1800 ಮೀಟರಿನವರೆಗೆ ಏರುತ್ತದೆ. ತಪ್ಪಲಿನಲ್ಲಿ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನ ಮಳೆಯಾದರೆ ನೆತ್ತಿಯ ಕಡೆ 3000 ಮಿಲಿಮೀಟರಿನವರೆಗೂ ಆಗುವುದುಂಟು. ಇವೆರಡನ್ನೂ ಕೂಡಿಸಿ ಒಂದು ಸರಾಸರಿಯನ್ನು ಬರೆದರೆ ಆ ಮಳೆ ಬೀಳುವ ಊರು ನಮ್ಮ ತಾಲ್ಲೂಕುಗಳಲ್ಲಿ ಹುಡುಕಿದರೂ ಸಿಕ್ಕದಿರಬಹುದು. ಅಂಥ ಸ್ಲೈಡು ಕಂಡಾಗ ‘ಇದು ಯಾವ ಊರಿನ ಮಳೆ?’ ಎಂದು ಕೇಳಿದರೆ ಸಾಕು.

ನಮ್ಮ ವಾದಕ್ಕೆ ಅನುಕೂಲವಾದ ಅಂಕಿಯನ್ನು ಎರಡು ಪಟ್ಟು ಶಂಕೆಯಿಂದ ನೋಡಬೇಕೆಂಬುದು ನನ್ನ ಆಗ್ರಹ. ಕಲ್ಲುಗಣಿಯ ವಿರುದ್ಧ ನಾವು ತೋರಿಸುವ ಹತ್ತು ಸ್ಲೈಡುಗಳಲ್ಲಿ ಒಂಬತ್ತು ಸರಿಯಿದ್ದು ಒಂದು ತಪ್ಪಿದ್ದರೆ, ಎದುರು ಪಕ್ಷದವರು ಆ ಒಂದನ್ನೇ ಹಿಡಿದು ಉಳಿದ ಒಂಬತ್ತನ್ನೂ ಬಾವಿಗೆ ನೂಕುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಾವು ಮುಚ್ಚಿಟ್ಟದ್ದು ಒಂದಲ್ಲ ಒಂದು ದಿನ ಹೊರಗೆ ಬರುತ್ತದೆ. ಅದು ಶತ್ರುವಿನ ಬಾಯಿಂದ ಬರುವ ಮೊದಲು ಮಿತ್ರನ ಬಾಯಿಂದ ಬರಲಿ.

ಮೂರನೆಯದು ನಕ್ಷೆ. ಬಿಳಿಗಿರಿರಂಗಸ್ವಾಮಿ ವನ್ಯಜೀವಿಧಾಮ 1974ರಲ್ಲಿ ಘೋಷಣೆಯಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರ ನಕ್ಷೆಯನ್ನು ಒಂದೇ ಹಸಿರು ಬಣ್ಣದಲ್ಲಿ ತುಂಬಿಸಿ, ಒಳಗೆ ಪೋಡುಗಳ ಹೆಸರೇ ಇಲ್ಲದಂತೆ ತೋರಿಸುವ ಸ್ಲೈಡು ಬಾಯಿಬಿಡದೆಯೇ ಒಂದು ಮಾತು ಹೇಳುತ್ತದೆ: ಇಲ್ಲಿ ಯಾರೂ ಇಲ್ಲ. ಇದೇ ಕಾಡಿಗೆ ಇನ್ನೊಂದು ನಕ್ಷೆಯೂ ಇದೆ. ಸೋಲಿಗರ ಹಿರಿಯರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಕಾಡಿನಲ್ಲಿ ನಡೆದು, ಉಪಗ್ರಹ ಆಧಾರಿತ ಉಪಕರಣದಿಂದ ಸ್ಥಳಗಳನ್ನು ಗುರುತಿಸಿ ಸಿದ್ಧಪಡಿಸಿದ ನಕ್ಷೆ ಅದು. ಅದರಲ್ಲಿ ಒಂದೊಂದು ಕುಲದ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ತಾಣಗಳು ಮೂಡಿವೆ. ಒಂದೇ ನೆಲ, ಎರಡು ನಕ್ಷೆ. ಒಂದರಲ್ಲಿ ಮನುಷ್ಯರಿಲ್ಲ, ಇನ್ನೊಂದರಲ್ಲಿ ಅವರ ಪೂರ್ವಿಕರೂ ಇದ್ದಾರೆ.

2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಕೋರುವಾಗ ನಕ್ಷೆಯೂ, ಹಕ್ಕುದಾರರಲ್ಲದ ಹಿರಿಯರ ಬರವಣಿಗೆಯ ಹೇಳಿಕೆಯೂ ಸಾಕ್ಷ್ಯವಾಗಬಲ್ಲವು. 2011ರ ಅಕ್ಟೋಬರ್ 2ರಂದು ಬಿಳಿಗಿರಿಯ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ದೊರೆತ ಈ ಮನ್ನಣೆ ದೇಶದ ಗಮನ ಸೆಳೆಯಿತು. ಆದ್ದರಿಂದ ಗ್ರಾಮಸಭೆಯಲ್ಲಿ ನಕ್ಷೆಯ ಸ್ಲೈಡು ತೋರಿಸುವವರು ತಿಳಿದಿರಬೇಕು, ಅಲ್ಲಿ ಒಂದು ಹೆಸರು ತಪ್ಪಿದರೆ ಅಕ್ಷರ ತಪ್ಪಿದಷ್ಟೇ ಅಲ್ಲ, ಹಕ್ಕು ತಪ್ಪಬಹುದು. ಒಂದು ಅಬ್ಬಿ ಗೆರೆಯ ಆಚೆ ಬಿದ್ದರೆ ನೀರಿನ ದಾರಿಯೇ ಆಚೆ ಬೀಳಬಹುದು. ನಕ್ಷೆಯನ್ನು ಪರಿಶೀಲಿಸುವಾಗ ಕಡೆಯ ಮಾತು ಆ ನೆಲದಲ್ಲಿ ನಡೆದವರದಾಗಬೇಕು, ಕಂಪ್ಯೂಟರಿನಲ್ಲಿ ಬರೆದವರದಲ್ಲ.

ಮೇಕೆದಾಟು ಯೋಜನೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. 67.16 ಟಿಎಂಸಿ ನೀರಿನ ಸಂಗ್ರಹ, 400 ಮೆಗಾವಾಟ್ ವಿದ್ಯುತ್ತು, ಬೆಂಗಳೂರಿಗೆ ಕುಡಿಯುವ ನೀರು, ಇವು ಸ್ಲೈಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರುವ ಸಂಗತಿಗಳು. ಕಾವೇರಿ ವನ್ಯಜೀವಿಧಾಮ ನಮ್ಮ ತಾಲ್ಲೂಕುಗಳ ಕಾಡಿನವರೆಗೂ ಚಾಚಿಕೊಂಡಿದೆ. ನಿಂತ ನೀರಿನ ಅಂಚು ಆ ಕಾಡಿನಲ್ಲಿ ಎಲ್ಲಿಯವರೆಗೆ ಬರುತ್ತದೆ, ಆನೆಗಳು ನದಿ ದಾಟುವ ಜಾಗಗಳು ಏನಾಗುತ್ತವೆ ಎಂಬುದನ್ನು ಅದೇ ಸ್ಲೈಡಿನಲ್ಲಿ ತೋರಿಸಿ ಎಂದು ಕೇಳುವುದು ಯೋಜನೆಗೆ ವಿರೋಧವೂ ಅಲ್ಲ, ಪರವೂ ಅಲ್ಲ. ತೂಕದ ತಕ್ಕಡಿಯಲ್ಲಿ ಎರಡೂ ತಟ್ಟೆಗಳಿರಲಿ ಎಂಬ ಬೇಡಿಕೆ ಮಾತ್ರ.

ನಾಲ್ಕನೆಯದು ಮಾತು. 2025ರ ಜೂನ್ ತಿಂಗಳಿನಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ನಾಲ್ಕು ಮರಿಗಳು ವಿಷವುಂಡು ಸತ್ತವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತೆಂಬುದು ತನಿಖೆಯಲ್ಲಿ ಹೊರಬಂದ ಸಂಗತಿ. ಈ ಘಟನೆಯ ಬಗ್ಗೆ ಕಾಡಂಚಿನ ಒಂದು ಊರಿನಲ್ಲಿ ನೀವು ಸ್ಲೈಡು ತೋರಿಸಬೇಕೆಂದಿಟ್ಟುಕೊಳ್ಳಿ. ಐದು ಹುಲಿಗಳ ಶವದ ಚಿತ್ರ ಹಾಕಿ, ಮೇಲೆ ‘ಹಂತಕರು’ ಎಂದು ಕೆಂಪಕ್ಷರದಲ್ಲಿ ಬರೆದರೆ, ಮುಂದಿನ ಸಾಲಿನಲ್ಲಿ ಕುಳಿತ ದನಗಾಹಿ ಆ ಮಾತನ್ನು ತನಗೇ ಹೇಳಿದ್ದೆಂದು ತಿಳಿದು ಎದ್ದು ಹೋಗುತ್ತಾನೆ. ಹಸುವಿನ ಚಿತ್ರ ಮಾತ್ರ ಹಾಕಿ ಕಣ್ಣೀರಿನ ಮಾತು ಬರೆದರೆ, ವಿಷ ಹಾಕಿದ್ದೂ ಸರಿಯೇನೋ ಎಂಬ ಭಾವನೆ ಮೂಡುತ್ತದೆ. ವಿಷವಿಟ್ಟದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಹಸು ಕಳೆದುಕೊಂಡ ಮನೆಯ ನಷ್ಟವೂ ನಿಜ, ಅದರಲ್ಲೂ ಎರಡು ಮಾತಿಲ್ಲ. ಎರಡೂ ಒಂದೇ ಸ್ಲೈಡಿನಲ್ಲಿ ಇರಬೇಕು. ಮುಂದಿನ ಸ್ಲೈಡಿನಲ್ಲಿ, ಹಸು ಸತ್ತ ದಿನ ಯಾರಿಗೆ ತಿಳಿಸಬೇಕು, ಪರಿಹಾರಕ್ಕೆ ಯಾವ ಕಾಗದ ಬೇಕು ಎಂಬ ವಿವರವಿರಬೇಕು. ಮುಂದಿನ ಹುಲಿಯನ್ನು ಉಳಿಸುವುದು ಆ ಕೆಂಪಕ್ಷರವಲ್ಲ, ಈ ವಿವರ. ಇಂಥದನ್ನು ಸ್ಲೈಡು ಮಾಡಿದವರಿಗೆ ಮೊದಲೇ ಹೇಳುವವರು ಇದ್ದರೆ ಒಂದು ಸಭೆ ಉಳಿಯುತ್ತದೆ, ಒಂದು ಊರಿನ ನಂಬಿಕೆಯೂ ಉಳಿಯುತ್ತದೆ.

ಹೇಗೆ ಹೇಳಬೇಕು? ಹೇಗೆ ಕೇಳಬೇಕು?

ತಪ್ಪು ಕಾಣುವುದು ಒಂದು ಕೌಶಲ, ಅದನ್ನು ಹೇಳುವುದು ಇನ್ನೊಂದು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಎನ್ನುತ್ತಾರಲ್ಲ, ಹಾಗೆ. ನಮ್ಮ ಗುಂಪುಗಳಲ್ಲಿ ಸಾಮಾನ್ಯವಾಗಿ ಎರಡು ಅತಿರೇಕಗಳು ಕಾಣುತ್ತವೆ. ‘ಚೆನ್ನಾಗಿದೆ ಅಣ್ಣ’ ಎಂದು ಹೇಳಿ ಎದ್ದುಬಿಡುವುದು ಒಂದು, ‘ಏನೂ ಸರಿಯಿಲ್ಲ’ ಎಂದು ಎದೆ ಒಡೆಯುವುದು ಇನ್ನೊಂದು. ಎರಡರಿಂದಲೂ ಸ್ಲೈಡು ಸುಧಾರಿಸುವುದಿಲ್ಲ. ಪಾಲಿಸಬಹುದಾದ ಕೆಲವು ಕ್ರಮಗಳನ್ನು ಹೇಳುತ್ತೇನೆ.

ಮೊದಲ ಸುತ್ತಿನಲ್ಲಿ ಸ್ಲೈಡು ಮಾಡಿದವರು ಸುಮ್ಮನಿರಲಿ. ನೋಡಿದವರು ತಮಗೆ ಏನು ಅರ್ಥವಾಯಿತೆಂದು ಮಾತ್ರ ಹೇಳಲಿ. ಮಾಡಿದವರು ಹೇಳಬೇಕೆಂದಿದ್ದದ್ದಕ್ಕೂ ನೋಡಿದವರಿಗೆ ಅರ್ಥವಾದದ್ದಕ್ಕೂ ಎಷ್ಟು ಅಂತರವಿದೆಯೋ ಅಷ್ಟು ಕೆಲಸ ಬಾಕಿ ಇದೆ ಎಂದು ತಿಳಿಯಬೇಕು.

ಅಭಿಪ್ರಾಯ ಹೇಳುವಾಗ ಸ್ಲೈಡಿನ ಸಂಖ್ಯೆಯನ್ನು ಹೇಳಿ, ಜಾಗವನ್ನು ತೋರಿಸಿ ಹೇಳಬೇಕು. ‘ತುಂಬ ಉದ್ದವಾಯಿತು’ ಎಂಬ ಮಾತಿಗಿಂತ ‘ಏಳನೆಯದು ಮತ್ತು ಒಂಬತ್ತನೆಯದು ಒಂದೇ ಸಂಗತಿ ಹೇಳುತ್ತವೆ, ಒಂದು ಸಾಕು’ ಎಂಬ ಮಾತು ಉಪಯುಕ್ತ. ತೀರ್ಪಿಗಿಂತ ಪ್ರಶ್ನೆ ಮೇಲು. ‘ಈ ಅಂಕಿ ತಪ್ಪು’ ಎನ್ನುವ ಬದಲು ‘ಈ ಅಂಕಿ ಎಲ್ಲಿಂದ ಬಂತು, ಯಾವ ವರ್ಷದ್ದು?’ ಎಂದು ಕೇಳಿದರೆ ಹುಡುಕುವ ಕೆಲಸ ತಾನಾಗಿ ಶುರುವಾಗುತ್ತದೆ.

ಕಿರಿಯರು ಮೊದಲು ಮಾತಾಡಲಿ, ಹಿರಿಯರು ಕೊನೆಗೆ. ಹಿರಿಯರೊಬ್ಬರು ಒಮ್ಮೆ ಸರಿ ಎಂದರೆ ನಮ್ಮ ಕಡೆ ಕಿರಿಯರು ಬಾಯಿ ತೆರೆಯುವುದಿಲ್ಲ. ಅದು ಗೌರವದ ಲಕ್ಷಣವೇ ಆದರೂ ಪರಿಶೀಲನೆಗೆ ಅಡ್ಡಿ. ಆದರೆ ಊರು, ಕಾಡು, ಪದ್ಧತಿಗಳ ವಾಸ್ತವದ ಪ್ರಶ್ನೆ ಬಂದಾಗ ಹಿರೀಕರ ಮಾತಿಗೇ ಹೆಚ್ಚಿನ ಬೆಲೆ ಕೊಡಬೇಕು. ಹೆಣ್ಣುಮಕ್ಕಳನ್ನು ಕೇಳದೆ ಪರಿಶೀಲನೆ ಮುಗಿಸಬಾರದು. ಸೌದೆ, ನೀರು, ಸೊಪ್ಪು, ಗೆಡ್ಡೆಗಳ ವಿಷಯದಲ್ಲಿ ಅವರಿಗಿಂತ ಬಲ್ಲವರಿಲ್ಲ. ಅರಣ್ಯ ಹಕ್ಕು ನಿಯಮಗಳೇ ಗ್ರಾಮಸಭೆಯಲ್ಲಿ ಹಾಜರಿದ್ದವರಲ್ಲಿ ಮೂರನೆಯ ಒಂದು ಭಾಗವಾದರೂ ಮಹಿಳೆಯರಿರಬೇಕೆಂದು ವಿಧಿಸಿರುವಾಗ, ನಮ್ಮ ಪರಿಶೀಲನೆಯ ಪಡಸಾಲೆಯಲ್ಲಿ ಅದಕ್ಕಿಂತ ಕಡಿಮೆ ಇರುವುದು ಶೋಭೆಯಲ್ಲ.

ಕೇಳಿಸಿಕೊಳ್ಳುವವರು ಒಂದು ನೋಟುಪುಸ್ತಕವನ್ನಿಟ್ಟು ಮೂರು ಕಲಮು ಮಾಡಿಕೊಳ್ಳಲಿ. ಏನು ಹೇಳಿದರು, ಏನು ಬದಲಾಯಿಸಿದೆವು, ಬದಲಾಯಿಸದಿದ್ದರೆ ಏಕೆ. ಬಂದ ಸಲಹೆಗಳನ್ನೆಲ್ಲ ಒಪ್ಪಬೇಕಾಗಿಲ್ಲ. ಒಪ್ಪದ್ದಕ್ಕೆ ಕಾರಣವಿದ್ದರೆ ಸಾಕು. ಮೂರನೆಯ ಕಲಮು ಖಾಲಿ ಬಿಟ್ಟವರಿಗೆ ಮುಂದಿನ ಸಲ ಸಲಹೆ ಕೊಡುವವರು ಸಿಗುವುದಿಲ್ಲ.

ಪರೀಕ್ಷೆಯ ಸಣ್ಣ ಸಂಗತಿಗಳನ್ನೂ ಮರೆಯಬಾರದು. ಕೋಣೆಯ ಹಿಂಬದಿಯ ಗೋಡೆಗೆ ಒರಗಿ ನಿಂತು ಅಕ್ಷರ ಓದಲಾಗುತ್ತದೆಯೇ ನೋಡಿ. ಶಾಲೆಯ ಸುಣ್ಣದ ಗೋಡೆಯೇ ಪರದೆಯಾದರೆ ಹಳದಿ ಅಕ್ಷರ ಕಾಣದು. ‘ನುಡಿ’ಯಲ್ಲೋ ‘ಬರಹ’ದಲ್ಲೋ ಟೈಪು ಮಾಡಿದ ಕನ್ನಡ ಬೇರೆಯವರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗೀಚಾಗಿ ತೆರೆದುಕೊಳ್ಳುವುದುಂಟು. ಯೂನಿಕೋಡಿನಲ್ಲಿ ಟೈಪು ಮಾಡಿ, ತೋರಿಸುವ ಯಂತ್ರದಲ್ಲೇ ಮೊದಲು ತೆರೆದು ನೋಡಿ. ಕಡೆಯದಾಗಿ, ಕರೆಂಟು ಹೋದರೆ ಏನು ಮಾಡುತ್ತೀರಿ ಎಂದು ಸಂಗಾತಿಯನ್ನು ಕೇಳಿ. ಸ್ಲೈಡಿಲ್ಲದೆ ಹೇಳಲಾಗದ ಮಾತು ಸ್ಲೈಡಿದ್ದರೂ ನಿಲ್ಲುವುದಿಲ್ಲ.

ಊರೇ ಪರಿಶೀಲಕ

ಇಷ್ಟು ಹೊತ್ತು ನಮ್ಮ ಸ್ಲೈಡುಗಳ ಮಾತಾಯಿತು. ಬೇರೆಯವರು ನಮ್ಮ ಮುಂದೆ ತೋರಿಸುವ ಸ್ಲೈಡುಗಳ ಮಾತು ಇನ್ನೂ ಮುಖ್ಯ. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯಂತೆ ಸಾರ್ವಜನಿಕ ವಿಚಾರಣೆ ಅಗತ್ಯವಿರುವ ಯೋಜನೆಗಳಲ್ಲಿ, ವಿಚಾರಣೆ ಆರಂಭವಾಗುವುದೇ ಯೋಜನೆಯವರ ಪ್ರತಿನಿಧಿ ಯೋಜನೆಯನ್ನೂ ವರದಿಯ ಸಾರಾಂಶವನ್ನೂ ಸಭೆಗೆ ವಿವರಿಸುವುದರಿಂದ. ಅಂದರೆ ಆ ದಿನ ಊರಿನವರೇ ಪರಿಶೀಲಕರು. ಕಡಮೆಯೆಂದರೆ 30 ದಿನಗಳ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಸಾರಾಂಶ ಸ್ಥಳೀಯ ಭಾಷೆಯಲ್ಲೂ ದೊರೆಯಬೇಕು. ಹಾಜರಿದ್ದ ಯಾರು ಬೇಕಾದರೂ ಮಾಹಿತಿ, ಸ್ಪಷ್ಟನೆ ಕೇಳಬಹುದು. ಸಭೆಯ ಕೊನೆಯಲ್ಲಿ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ವಿವರಿಸಬೇಕು. ಆ ಓದು ಮುಗಿಯುವವರೆಗೆ ಮನೆಗೆ ಹೋಗದೆ ಕುಳಿತಿರುವುದು ಒಂದು ಹೋರಾಟವೇ. ನೀವು ಕೇಳಿದ ಪ್ರಶ್ನೆ ಅದರಲ್ಲಿ ಬಂದಿದೆಯೇ ಎಂದು ಕಿವಿಗೊಟ್ಟು ಕೇಳಿ. ಬಂದಿರದಿದ್ದರೆ ಆಗಲೇ, ಅಲ್ಲೇ, ಬರೆಸಿ.

ಘೋಷಣೆ ಕೂಗುವುದಕ್ಕಿಂತ ‘ಆ ಐದನೆಯ ಸ್ಲೈಡನ್ನು ಮತ್ತೆ ತೋರಿಸಿ’ ಎಂದು ಕೇಳುವ ಒಂದು ದನಿಗೆ ಅಂಥ ಸಭೆಯಲ್ಲಿ ಹೆಚ್ಚು ಬಲವಿದೆ. ‘ಈ ನಕ್ಷೆಯಲ್ಲಿ ನಮ್ಮ ಹಳ್ಳ ಎಲ್ಲಿ?’, ‘ಈ ಚಿತ್ರ ಯಾವ ತಿಂಗಳಿನದು, ಮಳೆಗಾಲದ್ದೋ ಬೇಸಿಗೆಯದೋ?’, ‘ಧೂಳಿನ ಈ ಅಳತೆ ಗಣಿಯಿಂದ ಎಷ್ಟು ದೂರದಲ್ಲಿ ತೆಗೆದದ್ದು?’ ಇವು ಓದುಬರಹ ಬಾರದವರೂ ಕೇಳಬಹುದಾದ ಪ್ರಶ್ನೆಗಳು, ಪರಿಣತರೂ ಉತ್ತರಿಸಲೇಬೇಕಾದ ಪ್ರಶ್ನೆಗಳು.

ಇದಕ್ಕೆ ನಮ್ಮ ನಾಡಿನಲ್ಲೇ ಪೂರ್ವ ನಿದರ್ಶನವಿದೆ. ಬೇಡ್ತಿ ಜಲವಿದ್ಯುತ್ ಯೋಜನೆಯ ಬಗ್ಗೆ 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರಗೋಷ್ಠಿ ನಡೆಸಿದ್ದು ಅಡಿಕೆ ಬೆಳೆಗಾರರ ಸಹಕಾರಿ ಸಂಘ. ವಿಜ್ಞಾನಿಗಳನ್ನೂ ತಜ್ಞರನ್ನೂ ಕರೆಸಿ, ಯೋಜನೆಯ ಲಾಭನಷ್ಟದ ಲೆಕ್ಕವನ್ನು ಸಾಲುಸಾಲಾಗಿ ಒರೆಗೆ ಹಚ್ಚಲಾಯಿತು. ಸರ್ಕಾರ ಆ ಯೋಜನೆಯನ್ನು ಅಂದು ಕೈಬಿಟ್ಟಿತು. ಮಂಡಿಸಿದ್ದನ್ನು ಪ್ರಶ್ನಿಸುವ ಹಕ್ಕು ತಮಗಿದೆಯೆಂದು ರೈತರು ತಿಳಿದದ್ದೇ ಅಲ್ಲಿನ ದೊಡ್ಡ ಸಾಧನೆ.

ಆದರೆ ಒಂದು ಮಾತು. ಹೊರಗಿನವರ ಸ್ಲೈಡನ್ನು ಧೈರ್ಯವಾಗಿ ಪ್ರಶ್ನಿಸುವ ಅಭ್ಯಾಸ ನಮ್ಮದೇ ಸ್ಲೈಡನ್ನು ನಮ್ಮವರೇ ಪ್ರಶ್ನಿಸುವುದರಿಂದ ಬರುತ್ತದೆ. ಮನೆಯೊಳಗೆ ಸುಮ್ಮನಿದ್ದವರು ಸಭೆಯಲ್ಲಿ ಎದ್ದು ನಿಲ್ಲುವುದು ಕಷ್ಟ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ ಮಾತು ಪರದೆಯ ಮೇಲೆ ಕಂಡದ್ದಕ್ಕೆ ಇಮ್ಮಡಿಯಾಗಿ ಅನ್ವಯಿಸುತ್ತದೆ.

ಈ ಶಿಬಿರದಿಂದ ಹೊರಡುವ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ನಿಮ್ಮ ಊರಿನಲ್ಲಿ, ಪೋಡಿನಲ್ಲಿ, ಕಾಲೇಜಿನಲ್ಲಿ ಸ್ಲೈಡು ತೋರಿಸುವ ಮೊದಲು ಮೂರು ಜನರಿಗೆ ತೋರಿಸಿ. ಒಬ್ಬರು ಆ ವಿಷಯ ಓದಿದವರಾಗಿರಲಿ, ಒಬ್ಬರು ಆ ನೆಲದಲ್ಲಿ ನಡೆದವರಾಗಿರಲಿ, ಒಬ್ಬರು ನಿಮ್ಮ ಮಾತನ್ನು ಒಪ್ಪದವರಾಗಿರಲಿ. ಊರಿನ ಹಿರಿಯರಲ್ಲಿ ನನ್ನ ಕೋರಿಕೆಯೆಂದರೆ, ಮಕ್ಕಳು ಸ್ಲೈಡು ತಂದು ತೋರಿಸಿದಾಗ ‘ನಮಗೇನು ತಿಳಿಯುತ್ತದೆ ಮಗು’ ಎಂದು ಸರಿಯಬೇಡಿ. ಕಾಡನ್ನು ಓದಬಲ್ಲ ನಿಮಗೆ ಕಾಡಿನ ಚಿತ್ರವನ್ನು ಓದುವುದು ಕಷ್ಟವಲ್ಲ. ಅದರಲ್ಲಿ ಇಲ್ಲದ ಅಬ್ಬಿಯನ್ನೂ ಹೆಸರು ತಪ್ಪಿದ ಪೋಡನ್ನೂ ಗುರುತಿಸಬಲ್ಲವರು ನೀವೇ. ಆ ಒಂದು ತಿದ್ದುಪಡಿಯಿಂದ ಮುಂದೊಂದು ದಿನ ಯಾರದೋ ಹೊಲ, ಯಾರದೋ ನೀರು, ಯಾರದೋ ಕಾಡು ಉಳಿಯಬಹುದು.

ಈಗ ಈ ಭಾಷಣದಲ್ಲಿಯೇ ನಿಮಗೆ ಪ್ರಶ್ನಿಸಬೇಕೆನಿಸಿದ್ದನ್ನು ಕೇಳಿ. ಕಿರಿಯರು ಮೊದಲು.